ಹುರಿದ ಹುಣಸೆಬೀಜ

ಜೂನ್ ತಿಂಗಳು ಬಂತೆಂದರೆ ನಮ್ಮೂರಿನ ಬೀದಿಗಳಲ್ಲಿ ಹುಣಸೆಬೀಜ ಹುರಿಯುವ ವಾಸನೆ ಹಬ್ಬುತ್ತದೆ. ಎಂಟನೇ ತರಗತಿಗೆ ಕಾಲಿಡುವ ಮಕ್ಕಳಿರುವ ಮನೆಗಳಲ್ಲಿ ತಾಯಂದಿರು ಬಾಣಲೆಗೆ ಮರಳು ಹಾಕಿ, ಬೀಜ ಸುರಿದು, ಸಿಪ್ಪೆ ಸಿಡಿಯುವವರೆಗೆ ಕೈಯಾಡಿಸುತ್ತಾರೆ. ಸಿಪ್ಪೆ ಸುಲಿದ ಬೀಜ ಕಲ್ಲಿನಂತೆ ಇರುತ್ತದೆ. ದವಡೆಗೆ ಒತ್ತಿಕೊಂಡರೆ ಅದು ಮೆತ್ತಗಾಗಲು ಪೂರಾ ಒಂದು ಪೀರಿಯಡ್ ಬೇಕು. ವಿಜ್ಞಾನದ ಗಂಟೆ ಬಾರಿಸುವ ಮೊದಲು ಮಕ್ಕಳು ಒಂದೊಂದು ಬೀಜ ಬಾಯಿಗೆ ಹಾಕಿಕೊಳ್ಳುತ್ತಾರೆ. ಏನಾದರೂ ಕೇಳಬೇಕೆಂಬ ಆಸೆ ಹುಟ್ಟಿದರೂ ಬೀಜವನ್ನು ಪಕ್ಕಕ್ಕೆ ಸರಿಸುವಷ್ಟರಲ್ಲಿ ಮನೆ ನೆನಪಾಗುತ್ತದೆ, ಬಾಯಿ ಮುಚ್ಚಿಕೊಳ್ಳುತ್ತದೆ.

ಚಿಕ್ಕ ಮಕ್ಕಳು ಏನು ಕೇಳಿದರೂ ನಮ್ಮೂರಿನಲ್ಲಿ ಏನೂ ಆಗುವುದಿಲ್ಲ. ಚಂದ್ರ ಯಾಕೆ ನಮ್ಮ ಹಿಂದೆಯೇ ಬರುತ್ತಾನೆ, ಬೆಕ್ಕಿನ ಕಣ್ಣು ಯಾಕೆ ಹೊಳೆಯುತ್ತದೆ ಎಂದು ಅವರು ಹಗಲೆಲ್ಲ ಕೇಳಿಕೊಂಡು ತಿರುಗಬಹುದು. ಹನ್ನೆರಡು ಹದಿಮೂರರ ಹೊತ್ತಿಗೆ ಪ್ರಶ್ನೆ ಬಲಿಯುತ್ತದೆ. ಆಮೇಲೆ, ನಿಜವಾಗಿ ತಿಳಿಯಬೇಕೆಂಬ ಆಸೆಯಿಂದ ಯಾವುದರ ಬಗ್ಗೆ ಬಾಯಿಬಿಟ್ಟು ಕೇಳುತ್ತಾರೋ ಅದು ಕೇಳಿದವರ ಮನೆಯಲ್ಲಿ ನಿಂತುಹೋಗುತ್ತದೆ. ಕೇಳಿದವರಿಗೆ ಅದು ಅರ್ಥವಾಗುವ ತನಕ ನಿಂತೇ ಇರುತ್ತದೆ. ಉರುಹೊಡೆದು ಒಪ್ಪಿಸಿದರೆ ಆಗುವುದಿಲ್ಲ, ಅರ್ಥವೇ ಆಗಬೇಕು. ಬೇರೆಯವರಿಗೆ ಅರ್ಥವಾದರೂ ಪ್ರಯೋಜನವಿಲ್ಲ.

ಹಿಂದಿನ ಬೀದಿಯ ಪತ್ತಾರರ ಮನೆಯಲ್ಲಿ ಉಪ್ಪು ಕರಗುವುದಿಲ್ಲ. ಅವರ ದೊಡ್ಡ ಮಗ ಓದುತ್ತಿದ್ದಾಗ ಒಂದು ದಿನ ಬೀಜ ಮರೆತು ಹೋಗಿದ್ದ. ಈಗ ಅವನಿಗೇ ಮಕ್ಕಳಾಗಿವೆ, ಸಾರಿನ ತಳದಲ್ಲಿ ಉಪ್ಪು ಮರಳಿನಂತೆ ಕೂತೇ ಇದೆ. ವಿಜ್ಞಾನ ಕಲಿಸುವ ಚೆನ್ನಕೇಶವ ಮೇಷ್ಟ್ರ ಮನೆಯ ಕನ್ನಡಿಗಳಲ್ಲಿ ಮುಖ ಕಾಣುವುದಿಲ್ಲ. ಅವರು ಗಲ್ಲ ತಡವಿಕೊಂಡೇ ಗಡ್ಡ ಹೆರೆದುಕೊಳ್ಳುವುದರಿಂದ ಯಾವಾಗಲೂ ಒಂದು ಕಡೆ ಹತ್ತಿ ಅಂಟಿರುತ್ತದೆ. ಹೆಣ್ಣು ನೋಡಲು ಬಂದವರು ಜಾತಕ ಕೇಳುವ ಮೊದಲು ನಿಮ್ಮ ಮನೆಯಲ್ಲಿ ಏನು ನಿಂತಿದೆ ಎಂದು ಕೇಳುತ್ತಾರೆ. ಏನೂ ನಿಂತಿಲ್ಲ ಎಂದು ಹೇಳಬಲ್ಲ ಮನೆಗಳಿಗೆ ಬೇರೆಯೇ ಗತ್ತು.

ನನ್ನ ಕೈಯಲ್ಲಿ ಮೊಸರು ಆಗುವುದಿಲ್ಲ. ಎಂಟನೇ ತರಗತಿಯಲ್ಲಿದ್ದಾಗ ಒಂದು ಮಧ್ಯಾಹ್ನ, ಒಂದು ಚಮಚ ಮಜ್ಜಿಗೆ ಇಡೀ ಪಾತ್ರೆ ಹಾಲನ್ನು ಹೇಗೆ ತನ್ನಂತೆ ಮಾಡಿಕೊಳ್ಳುತ್ತದೆ ಎಂದು ಕೇಳಿದ್ದೆ. ಮರುದಿನ ಬೆಳಿಗ್ಗೆ ನನ್ನ ತಾಯಿ ಪಾತ್ರೆ ಓರೆ ಮಾಡಿದಾಗ ಹಾಲು ಹಾಲಾಗಿಯೇ ಹರಿಯಿತು. ನಾನು ಆ ಪ್ರಶ್ನೆಯ ಹಿಂದೆ ಹೋಗಬೇಕೆಂದುಕೊಂಡಿದ್ದೆ. ಅಮ್ಮ ಬಿಡಲಿಲ್ಲ. ಒಂದನ್ನು ಹುಡುಕಲು ಹೋದರೆ ದಾರಿಯಲ್ಲಿ ಇನ್ನೊಂದು ಹುಟ್ಟುತ್ತದೆ, ಮೊಸರು ಹೋದರೆ ಹೋಗಲಿ, ಅಷ್ಟಕ್ಕೇ ಮುಗಿಯಲಿ ಎಂದಳು. ಮದುವೆಯಾಗಿ ಬಂದಾಗ ಅದು ನನ್ನ ಜೊತೆಯಲ್ಲೇ ಈ ಮನೆಗೂ ಬಂತು. ನಮ್ಮತ್ತೆ ಸಾಕಮ್ಮ ಮೊದಲ ವರ್ಷ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸದ್ದು ಮಾಡಿ ಇಡುತ್ತಿದ್ದರು, ಆಮೇಲೆ ರೂಢಿಯಾಯಿತು. ಪಕ್ಕದ ಮನೆಯ ಜಯಶೀಲ ದಿನವೂ ಒಂದು ಲೋಟ ಮೊಸರು ಗೋಡೆಯ ಮೇಲಿಂದ ಕೊಡುತ್ತಾಳೆ. ಅವಳ ಮನೆಯಲ್ಲಿ ಏನೂ ನಿಂತಿಲ್ಲ. ಲೋಟ ತೆಗೆದುಕೊಳ್ಳುವಾಗ ಇಂದಿಗೂ ನನ್ನ ಕಣ್ಣು ಕೆಳಗೇ ಇರುತ್ತದೆ.

ಬೀಜವೊಂದನ್ನೇ ನಂಬಿ ಕೂರುವವರಲ್ಲ ನಾವು. ಶಾಲೆ ಶುರುವಾಗುವ ಮುಂಚಿನ ಶನಿವಾರ ಅಂಟು ಹಚ್ಚುವ ದಿನ. ಎಂಟರಿಂದ ಹತ್ತರವರೆಗಿನ ಮಕ್ಕಳ ತಾಯಂದಿರು ಮೈದಾಹಿಟ್ಟಿನ ಅಂಟು ಕಾಯಿಸಿಕೊಂಡು ಶಾಲೆಯ ಜಗಲಿಗೆ ಹೋಗುತ್ತೇವೆ. ಹೊಸ ವಿಜ್ಞಾನದ ಪುಸ್ತಕಗಳನ್ನು ಗುಡ್ಡೆ ಹಾಕಿರುತ್ತಾರೆ. ಹೃದಯದ ಪಾಠ, ಉಸಿರಾಟದ ಪಾಠ, ನಿದ್ದೆಯ ಪಾಠ, ಇವುಗಳ ಹಾಳೆಗಳನ್ನು ಓದದೆ, ಮುಖ ಪಕ್ಕಕ್ಕೆ ತಿರುಗಿಸಿಕೊಂಡು, ಒಂದಕ್ಕೊಂದು ಸೇರಿಸಿ ಅಂಟಿಸುತ್ತೇವೆ. ಕೆಲಸ ಮಾಡುತ್ತ ಹೆಂಗಸರು ಸೀರೆಯ ಬಗ್ಗೆ, ಸೊಸೆಯರ ಬಗ್ಗೆ ಮಾತಾಡಿ ನಗುತ್ತಾರೆ. ಕೆಳಗಿನ ಬೀದಿಯ ಬೀಗದ ಮನೆಯ ಬಗ್ಗೆ ಮಾತ್ರ ಯಾರೂ ಮಾತಾಡುವುದಿಲ್ಲ. ಆ ಮನೆಯ ಹುಡುಗ ಆಟದ ಬಯಲಿನಲ್ಲಿ ಓಡಿ ಬಂದು, ಏದುಸಿರು ಬಿಡುತ್ತ, ಈ ಉಸಿರು ಒಳಗೆ ಹೋಗಿ ಏನು ಮಾಡುತ್ತದೆ ಎಂದು ಗೆಳೆಯನನ್ನು ಕೇಳಿದ್ದನಂತೆ. ಸಂಜೆ ನೆರೆಯವರು ಹೋಗಿ ನೋಡಿದಾಗ ಎಲ್ಲರೂ ಉಸಿರಿಲ್ಲದೆ ಕೂತಲ್ಲೇ ಇದ್ದರು. ತಾಯಿಯ ಕೈ ಮಾತ್ರ ಹೊಸ್ತಿಲಿನ ಆಚೆ ಚಾಚಿತ್ತು. ಬಯಲಿನಲ್ಲೇ ಇದ್ದುದರಿಂದ ಉಳಿದ ಹುಡುಗನನ್ನು ಸೋದರಮಾವ ಕರೆದುಕೊಂಡು ಹೋದ, ಆದರೆ ಹೊಸ್ತಿಲು ದಾಟಿಸದೆ ಜಗಲಿಯಲ್ಲೇ ಇಟ್ಟುಕೊಂಡ. ಆಮೇಲೆ ಅವನು ಮಾತೇ ಆಡಲಿಲ್ಲ ಎನ್ನುತ್ತಾರೆ.

ನನ್ನ ಮಗಳು ನೀಲವೇಣಿ ಎಂಟನೆಯದಕ್ಕೆ ಬಂದ ವರ್ಷ ನಾನು ಎರಡು ಡಬ್ಬಿ ಬೀಜ ಹುರಿದಿಟ್ಟಿದ್ದೆ. ಅವಳ ಸ್ವಭಾವ ನನಗೆ ಗೊತ್ತಿತ್ತು. ಆರು ವರ್ಷದವಳಿದ್ದಾಗ ಇರುವೆಗಳ ಸಾಲಿಗೆ ಅಡ್ಡ ಬೆರಳಿಟ್ಟು ಮಧ್ಯಾಹ್ನವಿಡೀ ಕೂತಿದ್ದವಳು. ಮೊದಲ ತಿಂಗಳು ಬೀಜ ಇಟ್ಟುಕೊಂಡೇ ಹೋದಳು. ಒಂದು ದಿನ ಅವಳ ಲಂಗ ಒಗೆಯಲು ತೆಗೆದಾಗ ಜೇಬಿನಿಂದ ಒಣಗಿದ ಬೀಜಗಳು ಕೆಳಗೆ ಉದುರಿದವು. ಒಂದನ್ನೂ ಬಾಯಿಗೆ ಹಾಕಿಕೊಂಡಿರಲಿಲ್ಲ.

ಅವಳನ್ನು ಗದರಿಸಬೇಕೆಂದು ಶಾಲೆಯಿಂದ ಬರುವುದನ್ನೇ ಕಾದೆ. ಅಷ್ಟರಲ್ಲಿ ಒಗೆದ ಬಟ್ಟೆ ಒಣಗದಿರುವುದು ಕಣ್ಣಿಗೆ ಬಿತ್ತು. ಒಳ್ಳೆ ಬಿಸಿಲಿತ್ತು. ಸಂಜೆಯವರೆಗೂ ಹಗ್ಗದ ಮೇಲಿದ್ದ ಬಟ್ಟೆ ಹಿಂಡಿ ಹಾಕಿದಾಗ ಎಷ್ಟು ಒದ್ದೆಯಿತ್ತೋ ಅಷ್ಟೇ ಒದ್ದೆಯಿತ್ತು. ಸಾರಿಸಿದ ನೆಲವೂ ಒದ್ದೆ, ತೊಳೆದಿಟ್ಟ ಪಾತ್ರೆಯೂ ಒದ್ದೆ. ನೀಲಿ ಬಂದು ಹಿತ್ತಲ ಬಾಗಿಲಲ್ಲಿ ನಿಂತು ಹಗ್ಗ ನೋಡಿದಳು. ಅವಳ ಮುಖದಲ್ಲಿ ತಪ್ಪು ಮಾಡಿದವಳ ಹೆದರಿಕೆ ಇರಲಿಲ್ಲ. ಕಳೆದುಹೋದ ವಸ್ತು ಯಾವ ಮೂಲೆಯಲ್ಲಿದೆ ಎಂದು ಗೊತ್ತಾದವಳ ಹಾಗೆ ನಿಂತಿದ್ದಳು.

ನೆರಳಿನಲ್ಲಿ ಹಾಕಿದ ಬಟ್ಟೆಯೂ ಯಾಕೆ ಒಣಗುತ್ತದೆ ಎಂದು ತರಗತಿಯಲ್ಲಿ ಕೇಳಿದ್ದಾಗಿ ತಾನೇ ಹೇಳಿದಳು. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಸಾಕಮ್ಮ ಮಾತ್ರ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತ, ಇದೇನು ಮಹಾ, ಬಟ್ಟೆಯನ್ನು ಜಯಶೀಲನ ಮನೆಗೆ ಕೊಟ್ಟು ಒಣಗಿಸಿದರಾಯಿತು, ಮೊಸರು ಅವಳದು, ಬಿಸಿಲೂ ಅವಳದೇ ಆಗಲಿ ಎಂದರು. ಹಲ್ಲಿಲ್ಲದ ಅವರಿಗೆ ಕುಟ್ಟಾಣಿ ಬಿಟ್ಟರೆ ಜೀವ ಇಲ್ಲ. ಟಕಟಕ ಸದ್ದು ನಮ್ಮ ಮನೆಯಲ್ಲಿ ಗಡಿಯಾರದ ಹಾಗೆ.

ಮುಂದಿನ ದಿನಗಳಲ್ಲಿ ನೀಲಿ ಮನೆ ತುಂಬ ತಟ್ಟೆಗಳಲ್ಲಿ ನೀರಿಟ್ಟಳು. ನಮ್ಮ ಮನೆಯವು ಹಾಗೇ ಇರುತ್ತಿದ್ದವು, ಜಯಶೀಲನ ಹಿತ್ತಲಿನವು ಬತ್ತುತ್ತಿದ್ದವು. ಅಗಲ ತಟ್ಟೆ, ಆಳದ ಲೋಟ, ಗಾಳಿಗೆ ಇಟ್ಟದ್ದು, ಮುಚ್ಚಿಟ್ಟದ್ದು ಎಂದು ಗೋಡೆ ಹತ್ತಿ ಇಳಿದು ನೋಡುತ್ತಿದ್ದಳು. ಒಂದು ಬೆಳಿಗ್ಗೆ ನಾನು ಒಲೆಯ ಮುಂದಿದ್ದಾಗ ಹಿತ್ತಲಿನಿಂದ ಅವಳು ಒಬ್ಬಳೇ ನಗುವುದು ಕೇಳಿತು. ಹೋಗಿ ನೋಡಿದರೆ ಹಗ್ಗದ ಮೇಲಿನ ಬಟ್ಟೆಗಳೆಲ್ಲ ಒಮ್ಮೆಲೇ ಹಗುರಾಗಿ ಗಾಳಿಗೆ ಹಾರುತ್ತಿದ್ದವು. ನೀಲಿ ಅವುಗಳ ನಡುವೆ ನಿಂತು ಒಂದೊಂದನ್ನೇ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು. ಆ ಮುಖವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಹೊಸ ಬಟ್ಟೆ ಕೊಟ್ಟಾಗಲೂ ಇಲ್ಲ, ಜ್ವರ ಬಿಟ್ಟು ಎದ್ದಾಗಲೂ ಇಲ್ಲ. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಇವಳಿಗೆ ರುಚಿ ಹತ್ತಿತು ಎಂದು ಹೆದರಿಕೆಯಾಯಿತು.

ಅದರ ಅಡಿಯಲ್ಲಿ ಇನ್ನೊಂದು ಇತ್ತು. ಅದನ್ನು ಹೇಳಲು ನಾಚಿಕೆಯಾಗುತ್ತದೆ. ಆ ಮುಖ ಕಂಡು ನನಗೆ ಹೊಟ್ಟೆಕಿಚ್ಚಾಗಿತ್ತು.

ಚೆನ್ನಕೇಶವ ಮೇಷ್ಟ್ರು ಹೇಳಿ ಕಳಿಸಿದರು. ಹೋದೆ. ಅವರು ಪಾಠ ಮಾಡುವಾಗ ಮಕ್ಕಳ ಕಡೆ ನೋಡುವುದಿಲ್ಲ, ಬೋರ್ಡಿನ ಕಡೆ ತಿರುಗಿ ಓದುತ್ತಾರೆ, ಮಕ್ಕಳು ಬೀಜದ ಬಾಯಲ್ಲೇ ಒಟ್ಟಾಗಿ ಹೇಳುತ್ತಾರೆ. ಎಲ್ಲರಿಗೂ ಒಳ್ಳೆಯ ಮಾರ್ಕ್ಸ್ ಬರುತ್ತದೆ. ನೀಲಿಗೆ ಮಾತ್ರ ಬಂದಿರಲಿಲ್ಲ, ತನ್ನ ಮಾತಿನಲ್ಲೇ ಬರೆದಿದ್ದಳು. ಮಾರ್ಕ್ಸ್ ಹೋಗಲಿ ಎಂದು ಮೇಷ್ಟ್ರು ಗಲ್ಲದ ಹತ್ತಿ ಒತ್ತಿಕೊಂಡರು. ಆಮೇಲೆ ದನಿ ತಗ್ಗಿಸಿದರು.

“ಅವಳಿಗೆ ಕಲಿಯೋ ಆಸೆ ಇದೆ ಗೌರಮ್ಮ. ಇಷ್ಟು ವರ್ಷದಲ್ಲಿ ಯಾವ ಮಗೂನಲ್ಲೂ ನಾನು ನೋಡಿಲ್ಲ. ನೋಡ್ಬಾರ್ದು ಅಂತಾನೇ ಬೋರ್ಡಿನ ಕಡೆ ತಿರುಗಿರ್ತೀನಿ.”

ಏನು ಮಾಡಲಿ ಎಂದು ಕೇಳಿದೆ. ಅವರು ಕಿಟಕಿಯ ಆಚೆ ನೋಡಿದರು. ಶಾಲೆ ಬಿಡಿಸಿಬಿಡಿ ಎಂದರು. ತಾನು ಮೇಷ್ಟ್ರಾಗಿ ಈ ಮಾತು ಹೇಳಬಾರದು, ಆದರೆ ದಸರಾ ರಜೆ ಮುಗಿದ ಮೇಲೆ ದೇಹದ ಪಾಠಗಳು ಬರುತ್ತವೆ, ಅಂಟಿಸಿದ ಹಾಳೆ ಎಂಥ ಮಗುವನ್ನು ತಡೆಯುತ್ತದೆ, ಎಂಥದನ್ನು ತಡೆಯುವುದಿಲ್ಲ ಎಂದು ತನಗೆ ಗೊತ್ತಿದೆ ಎಂದರು.

ಗಂಡನಿಗೆ ಹೇಳಿದೆ. ಮರಿಸ್ವಾಮಿ ನೀರಿನ ಆಫೀಸಿನಲ್ಲಿ ಕೆಲಸ ಮಾಡುವವರು, ಮಾತು ಕಡಿಮೆ. ಬಿಡಿಸು ಎಂದರು, ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದರು. ಒಂದು ಮಾತಿನಲ್ಲಿ ಮುಗಿಯಿತು. ನನ್ನದೂ ಹಾಗೆಯೇ ಒಂದು ಮಾತಿನಲ್ಲಿ ಮುಗಿದಿತ್ತು. ಅಂದಿನಿಂದ ನನ್ನೊಳಗೆ ಒಂದು ಪಾತ್ರೆ ಹಾಲು ಹಾಗೇ ಕೂತಿದೆ, ಕೆಡುವುದೂ ಇಲ್ಲ, ಮೊಸರಾಗುವುದೂ ಇಲ್ಲ. ರಜೆ ಮುಗಿಯುವವರೆಗೆ ನೋಡೋಣ ಎಂದುಕೊಂಡೆ.

ರಜೆಯಲ್ಲಿ ಒಂದು ಬೆಳಿಗ್ಗೆ ಇಡ್ಲಿ ಪಾತ್ರೆಯ ಮುಚ್ಚಳದ ಮೇಲೆ ಮೈದಾದ ಚೂರುಗಳು ಕಂಡವು. ಮುಟ್ಟಿ ನೋಡಿದೆ, ಅಂಟಂಟು. ಓಡಿ ಹೋಗಿ ಅವಳ ಚೀಲ ತೆಗೆದೆ. ಹೃದಯದ ಪಾಠದ ಹಾಳೆಗಳು ಆವಿಗೆ ಉಬ್ಬಿ, ಬಿಡಿಬಿಡಿಯಾಗಿ, ಸುಕ್ಕುಸುಕ್ಕಾಗಿ ಒಣಗಿದ್ದವು. ನಾನೇ ಅಂಟು ಹಚ್ಚಿದ್ದ ಹಾಳೆಗಳು. ಹೆದರುತ್ತ ಒಂದೆರಡು ಸಾಲು ಓದಿದೆ. ಹೃದಯವು ಮುಷ್ಟಿಯ ಗಾತ್ರದ ಅಂಗ, ಅದು ರಕ್ತವನ್ನು ದೇಹಕ್ಕೆ ಕಳುಹಿಸುತ್ತದೆ ಎಂದಷ್ಟೇ ಇತ್ತು. ಇಷ್ಟು ವರ್ಷ ಇದಕ್ಕೇ ನಾವು ಮುಖ ತಿರುಗಿಸಿಕೊಂಡು ಅಂಟು ಹಚ್ಚಿದ್ದು. ಆದರೆ ನನಗೆ ಧೈರ್ಯ ಬರಲಿಲ್ಲ. ಅಷ್ಟು ಸ್ವಲ್ಪ ಬರೆದು ಬಿಟ್ಟರೆ ಇಂಥ ಹುಡುಗಿ ಉಳಿದದ್ದನ್ನು ಕೇಳದೆ ಬಿಡುತ್ತಾಳೆಯೆ?

ನೀಲಿ ಎಲ್ಲಿ ಎಂದು ಹುಡುಕಿದೆ. ನಡುಮನೆಯಲ್ಲಿ ಸಾಕಮ್ಮ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದ್ದರು. ನೀಲಿ ಅವರ ಬೆನ್ನಿಗೆ ಕಿವಿ ಒತ್ತಿಕೊಂಡು, ಕಣ್ಣು ಮುಚ್ಚಿ ಕೂತಿದ್ದಳು. ಅವಳ ತುಟಿಗಳು ಸ್ವಲ್ಪ ತೆರೆದಿದ್ದವು. ಒಂದು ಮಾತು ಆ ತುಟಿಯ ಅಂಚಿಗೆ ಬಂದು ನಿಂತಿತ್ತು. ನಾನು ಹಿಂದಿನಿಂದ ಹೋಗಿ ಅವಳ ಬಾಯಿ ಮುಚ್ಚಿದೆ. ಅವಳು ಬೆಚ್ಚಲಿಲ್ಲ. ನನ್ನ ಕೈಯನ್ನು ಮೆತ್ತಗೆ ತೆಗೆದಳು.

“ಕೇಳಲ್ಲಮ್ಮ. ಹಲ್ಲು ಕಚ್ಚಿಕೊಂಡಿದೀನಿ.”

ಎಷ್ಟು ದಿನದಿಂದ ಹೀಗಿದ್ದೀಯ ಎಂದೆ. ತಲೆ ತಗ್ಗಿಸಿದಳು. ಆಗ ನೋಡಿದೆ, ಮಗಳು ಬಡವಾಗಿದ್ದಳು, ಕಣ್ಣಿನ ಕೆಳಗೆ ಕಪ್ಪಾಗಿತ್ತು. ಊಟಕ್ಕೆ ಕೂತರೆ ಅನ್ನವನ್ನು ತಟ್ಟೆಯಲ್ಲಿ ಆಚೆ ಈಚೆ ಮಾಡಿ ಏಳುತ್ತಿದ್ದಳು. ಒಂದು ಪ್ರಶ್ನೆಯನ್ನು ಬಾಯೊಳಗೆ ಹಿಡಿದಿಟ್ಟುಕೊಂಡು ಎಷ್ಟು ದಿನ ಉಣ್ಣಲು ಸಾಧ್ಯ? ಸಾಕಮ್ಮನಿಗೆ ಎಚ್ಚರವಾಗಿತ್ತು. ಎಲ್ಲ ಕೇಳಿಸಿಕೊಂಡಿದ್ದರು. ಮಗ್ಗುಲು ಬದಲಿಸದೆಯೇ ಹೇಳಿದರು.

“ಕೇಳಿದ್ರೆ ಕೇಳ್ಕೊಳ್ಲಿ ಬಿಡೇ ಗೌರಿ. ನಂದು ಹುಟ್ಟಿದಾಗ್ಲಿಂದ ಬಡ್ಕಂತಾನೇ ಐತೆ. ಅದುಕ್ಕೂ ಬ್ಯಾಸರ ಬಂದಿರ್ತೈತೆ.”

“ನಿಮ್ಮದೊಂದೇ ಅಲ್ಲತ್ತೆ ನಿಲ್ಲೋದು,” ಎಂದೆ.

ನೀಲಿ ನನ್ನ ಸೆರಗಿನ ತುದಿ ಹಿಡಿದುಕೊಂಡು ತಾನು ಯೋಚಿಸಿದ್ದನ್ನು ಹೇಳಿದಳು. ಎಲ್ಲರೂ ಮೊದಲು ಕೇಳುತ್ತಾರೆ, ಆಮೇಲೆ ಹುಡುಕುತ್ತಾರೆ, ಅದಕ್ಕೇ ನಿಲ್ಲುವುದು. ತಾನು ಕೇಳದೆಯೇ ಹುಡುಕುತ್ತೇನೆ. ಅರ್ಥವಾಗಿಬಿಟ್ಟರೆ ಆಮೇಲೆ ಕೇಳುವ ಅಗತ್ಯವೇ ಇರುವುದಿಲ್ಲ. ಅದಕ್ಕೆ ಒಂದು ಹೃದಯ ಬೇಕು, ಮೇಕೆಯದಾದರೂ ಸರಿ. ಹೇಳುವಾಗ ಎಲ್ಲಿಯೂ ಯಾಕೆ, ಹೇಗೆ ಎಂಬ ಮಾತು ಬರದಂತೆ ನೋಡಿಕೊಂಡಳು. ಕೆಸರಿನಲ್ಲಿ ಕಲ್ಲಿನಿಂದ ಕಲ್ಲಿಗೆ ಹೆಜ್ಜೆ ಇಡುವವಳ ಹಾಗೆ ಮಾತಾಡುತ್ತಿದ್ದಳು. ಶಾಲೆ ಮತ್ತೆ ತೆರೆಯುವುದು ಸೋಮವಾರ. ಅಷ್ಟರೊಳಗೆ ಆಗದಿದ್ದರೆ ತರಗತಿಯಲ್ಲಿ ಬಾಯಿ ತಪ್ಪುತ್ತದೆ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮಗಳನ್ನು ಶಾಲೆ ಬಿಡಿಸಿದರೂ ಆ ಪ್ರಶ್ನೆ ಅವಳ ಬಾಯಿ ಬಿಡುವುದಿಲ್ಲ ಎಂದು ನನಗೆ ಆವತ್ತು ಅರ್ಥವಾಯಿತು. ಭಾನುವಾರ ಬೆಳಿಗ್ಗೆ ಅವಳನ್ನು ಕರೆದುಕೊಂಡು ಬೀದಿಯ ಕೊನೆಯ ಮಸ್ತಾನ್ ಅಂಗಡಿಗೆ ಹೋದೆ. ನಾವು ಮಾಂಸ ತಿನ್ನುವವರೇ, ಆದರೆ ತರುವ ಕೆಲಸ ಗಂಡನದು. ನನಗೆ ಕೊಯ್ಯುವುದನ್ನು ನೋಡಲಾಗುವುದಿಲ್ಲ. ಮಸ್ತಾನ್ ಆಗಷ್ಟೇ ಮೇಕೆ ಕೊಯ್ದಿದ್ದ, ತಲೆ ಆಗಲೇ ಕೊಕ್ಕೆಯಲ್ಲಿ ನೇತಾಡುತ್ತಿತ್ತು. ಹೃದಯ ಬೇಕು ಎಂದೆ. ಅವನು ಕೈ ಹಾಕಿ ತೆಗೆದು ಎಲೆಯ ಮೇಲಿಟ್ಟ. ನಾನು ಮುಖ ತಿರುಗಿಸಿದೆ. ನೀಲಿ ಬಗ್ಗಿ ನೋಡುತ್ತಿದ್ದಳು. ಅವಳು ಒಮ್ಮೆ ಉಸಿರು ಒಳಗೆಳೆದುಕೊಂಡದ್ದು ಕೇಳಿತು.

ಎಲೆಯ ಪೊಟ್ಟಣವನ್ನು ನಾನೇ ಹಿಡಿದುಕೊಂಡೆ. ಬಿಸಿಯಾಗಿತ್ತು. ಅಂಗಡಿಯ ಮೆಟ್ಟಿಲು ಇಳಿಯುವಾಗ ಕೈಯೊಳಗೆ ಕದಲಿದಂತಾಯಿತು. ನನ್ನ ಕೈ ಹೆದರಿಕೆಯಿಂದ ನಡುಗುತ್ತಿದೆ ಎಂದುಕೊಂಡು ಬಿಗಿಯಾಗಿ ಹಿಡಿದೆ. ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ನಡುಕ ನಿಂತಿತ್ತು.

ಮರಿಸ್ವಾಮಿ ಒಳಗೆ ಪೇಪರ್ ಓದುತ್ತಿದ್ದರು. ಸಾಕಮ್ಮ ನಡುಮನೆಯಲ್ಲಿ ಕಾಲು ಚಾಚಿಕೊಂಡು ಕುಟ್ಟಾಣಿ ಕುಟ್ಟುತ್ತಿದ್ದರು. ನಾನು ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಈಳಿಗೆಮಣೆಯ ಮುಂದೆ ಕೂತೆ. ನೀಲಿ ಎಲ್ಲಿ ಹೇಳಿದಳೋ ಅಲ್ಲಿ ಕೊಯ್ದೆ. ಇಷ್ಟು ವರ್ಷ ಬದನೆಕಾಯಿ ಹೆಚ್ಚಿದ ಕೈ, ಮೊದಲು ಅಳುಕಿತು, ಆಮೇಲೆ ಅದಕ್ಕೇ ದಾರಿ ಸಿಕ್ಕಿತು. ಒಳಗೆ ಕೋಣೆಗಳಿದ್ದವು. ತೆಳ್ಳನೆಯ ಪೊರೆಗಳು, ದಾರದಂಥ ನರಗಳು ಅವುಗಳನ್ನು ಎಳೆದು ಹಿಡಿದಿದ್ದವು. ಯಾರೋ ಕೂತು ಹೊಲಿದಂತಿತ್ತು.

ನೀಲಿ ಲೋಟದಿಂದ ನೀರು ಬಿಟ್ಟಳು. ಮೇಲಿನ ಕೋಣೆಯಿಂದ ನೀರು ಕೆಳಗಿಳಿಯಿತು. ಕೆಳಗಿನಿಂದ ಒತ್ತಿದಾಗ ಪೊರೆ ಉಬ್ಬಿ ಮುಚ್ಚಿಕೊಂಡಿತು, ಒಂದು ಹನಿಯೂ ಹಿಂದೆ ಬರಲಿಲ್ಲ. “ಇದು ಬಾಗಿಲು. ಒಂದೇ ಕಡೆ ತೆರೆಯುತ್ತೆ,” ಎಂದಳು. ಪ್ರಶ್ನೆಯಲ್ಲ, ಹೇಳಿಕೆ. ನಾನು ಬೆರಳಿಟ್ಟು ಒತ್ತಿದೆ. ಮತ್ತೆ ನೀರು ಬಿಡು ಎಂದೆ. ಮತ್ತೆ ಬಿಟ್ಟಳು. ಪೊರೆ ಮತ್ತೆ ಉಬ್ಬಿತು. ನಾನು ಬಗ್ಗಿ ಕೂತೆ. ಹೆದರಿಕೆ ಯಾವಾಗ ಮರೆತುಹೋಯಿತೋ ತಿಳಿಯಲಿಲ್ಲ. ಎಂಟನೇ ತರಗತಿಯ ಆ ಮಧ್ಯಾಹ್ನದ ಬಿಸಿಲು ಬೆನ್ನ ಮೇಲೆ ಬಿದ್ದ ಹಾಗಿತ್ತು. ಬೆಂಚಿನ ಮೇಲೆ ಕೂತ ಹುಡುಗಿ ನನ್ನೊಳಗೆ ಇನ್ನೂ ಕೈ ಎತ್ತಿಕೊಂಡೇ ಇದ್ದಳು, ಯಾರೂ ಅವಳಿಗೆ ಕೈ ಇಳಿಸು ಎಂದಿರಲಿಲ್ಲ.

“ಬಾಗಿಲೇನೋ ಸರಿ ಕಣೆ,” ಎಂದೆ. “ಬಡಿ ಅಂತ ಇದಕ್ಕೆ ಹೇಳೋರು ಯಾರು?”

ನನ್ನ ಬಾಯಿಂದ ಅದು ಹೊರಬಿದ್ದದ್ದು ನನಗೆ ಕೇಳಿಸಿತು. ಇಷ್ಟು ದಿನ ಮಗಳ ಬಾಯಿ ಕಾದಿದ್ದೆ. ನನ್ನ ಬಾಯಿಯ ಬಗ್ಗೆ ಯೋಚಿಸಿರಲಿಲ್ಲ. ನನ್ನ ಬಾಯಲ್ಲಿ ಬೀಜ ಇರಲಿಲ್ಲ.

ನಡುಮನೆಯಲ್ಲಿ ಕುಟ್ಟಾಣಿಯ ಸದ್ದು ನಿಂತಿತು.

ಮನೆಯಲ್ಲಿ ಎಂದೂ ಅಷ್ಟು ನಿಶ್ಶಬ್ದ ಇರಲಿಲ್ಲ. ಒಳಗಿನಿಂದ ಪೇಪರ್ ಜಾರಿ ನೆಲಕ್ಕೆ ಬಿದ್ದ ಸದ್ದು ಬಂತು. ನನ್ನ ಎದೆಯಲ್ಲಿ ಏನೂ ಇರಲಿಲ್ಲ. ನೋವಲ್ಲ, ಉರಿಯಲ್ಲ, ಬರಿಯ ಖಾಲಿ. ಹುಟ್ಟಿದಂದಿನಿಂದ ಒಳಗೆ ಒಂದು ಸದ್ದು ಇತ್ತು ಎಂಬುದೇ ಅದು ನಿಂತಾಗ ತಿಳಿಯಿತು. ನೀಲಿಯ ತುಟಿ ಬಿಳಿಚಿಕೊಂಡಿತ್ತು. ಅವಳು ಬಾಗಿಲ ಕಡೆ ನೋಡಲಿಲ್ಲ, ಹೊಸ್ತಿಲಿನತ್ತ ಓಡಲಿಲ್ಲ. ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣು ನೋಡಿದಾಗ ಗೊತ್ತಾಯಿತು, ಇವಳಿಗೆ ಉತ್ತರ ಸಿಕ್ಕಿಯಾಗಿದೆ. ಮಸ್ತಾನ್ ಅಂಗಡಿಯಲ್ಲೇ ಸಿಕ್ಕಿತ್ತು. ಆದರೆ ಕೇಳಿದವಳು ನಾನು. ಅವಳು ಹೇಳಿಕೊಟ್ಟು ನಾನು ಒಪ್ಪಿಸಿದರೆ ಏನೂ ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

“ಅಮ್ಮ. ಅಂಗಡೀಲಿ ನೀನು ಮುಖ ತಿರುಗಿಸಿದ್ದೆ. ಕೈ ತಿರುಗಿಸಿರ್ಲಿಲ್ಲ. ಕೈನ ಕೇಳು.”

ಕಣ್ಣು ಕತ್ತಲಾಗುತ್ತಿತ್ತು. ಕೈ. ಎಲೆಯ ಪೊಟ್ಟಣ. ಬಿಸಿ. ಮೆಟ್ಟಿಲು ಇಳಿಯುವಾಗ ಕದಲಿದ್ದು, ನಾನು ಬಿಗಿಯಾಗಿ ಹಿಡಿದದ್ದು. ಹೆದರಿ ನಡುಗುತ್ತಿದ್ದೇನೆ ಎಂದುಕೊಂಡಿದ್ದೆ. ಜೀವನವಿಡೀ ಏನು ಕದಲಿದರೂ ನನ್ನ ಹೆದರಿಕೆಯೇ ಎಂದುಕೊಂಡು ಬಿಗಿಯಾಗಿ ಹಿಡಿದಿದ್ದೆ. ಮೇಕೆಯ ತಲೆ ಕೊಕ್ಕೆಯಲ್ಲಿತ್ತು. ಮೈ ಬೇರೆ ಕಡೆ ಇತ್ತು. ಹೇಳುವವರು ಯಾರೂ ಉಳಿದಿರಲಿಲ್ಲ. ಆದರೂ ಎಲೆಯೊಳಗೆ ಅದು ಹಿಂಡಿಕೊಂಡಿತ್ತು, ಬಿಟ್ಟಿತ್ತು, ಮತ್ತೆ ಹಿಂಡಿಕೊಂಡಿತ್ತು.

ನಡುಗಿದ್ದು ನನ್ನ ಕೈ ಅಲ್ಲ.

ಅದು ತನಗೆ ತಾನೇ ಹೇಳಿಕೊಳ್ಳುತ್ತದೆ. ಅದರ ಮಾಂಸದೊಳಗೇ ಆ ಮಾತು ಇದೆ. ಇದನ್ನು ನಾನು ಬಾಯಿಬಿಟ್ಟು ಹೇಳಿದೆನೋ ಇಲ್ಲವೋ ನೆನಪಿಲ್ಲ. ಎದೆಯೊಳಗೆ ಯಾರೋ ಒದ್ದಂತಾಯಿತು. ಮುಗ್ಗರಿಸಿ ಈಳಿಗೆಮಣೆಯ ಪಕ್ಕಕ್ಕೆ ಬಿದ್ದೆ. ನೀಲಿ ನನ್ನ ಮೇಲೆಯೇ ಬಿದ್ದಳು. ಅವಳ ಎದೆ ನನ್ನ ಎದೆಗೆ ಒತ್ತಿಕೊಂಡು ಹೊಡೆದುಕೊಳ್ಳುತ್ತಿತ್ತು, ಯಾವುದು ನನ್ನದು ಯಾವುದು ಅವಳದು ಗೊತ್ತಾಗಲಿಲ್ಲ. ನಾವು ಹಾಗೇ ಬಿದ್ದುಕೊಂಡು ಆಚೆಗೆ ಕಿವಿಗೊಟ್ಟೆವು. ಒಳಗೆ ಗಂಡ ಕೆಮ್ಮಿದರು. ನಡುಮನೆ ಸುಮ್ಮನಿತ್ತು. ಇನ್ನೂ ಸುಮ್ಮನಿತ್ತು. ನೀಲಿಯ ಉಗುರು ನನ್ನ ತೋಳಿಗೆ ಇಳಿಯಿತು.

ಟಕ್. ಸ್ವಲ್ಪ ತಡೆದು, ಟಕ್ ಟಕ್.

“ಏನೇ ಗೌರಿ,” ಸಾಕಮ್ಮನ ದನಿ ಬಂತು, “ಕೂತಲ್ಲೇ ತೂಕಡಿಕೆ ಬಂದಂಗಾಯ್ತಲ್ಲ. ಒಂದು ಲೋಟ ಕಾಪಿನಾದ್ರೂ ಕೊಡು.”

ಸೋಮವಾರ ನೀಲಿ ಶಾಲೆಗೆ ಹೋದಳು. ಬಿಡಿಸುವ ಮಾತನ್ನು ನಾನು ಎತ್ತಲಿಲ್ಲ, ಮರಿಸ್ವಾಮಿಯೂ ಎತ್ತಲಿಲ್ಲ. ಅವರು ಎಷ್ಟೋ ದಿನ ಊಟಕ್ಕೆ ಕೂತಾಗ ನನ್ನನ್ನೂ ಮಗಳನ್ನೂ ಬೇರೆ ಬೇರೆಯಾಗಿ ನೋಡುತ್ತಿದ್ದರು, ಏನೋ ಕೇಳಬೇಕೆನಿಸಿದಂತೆ, ಆಮೇಲೆ ಸಾರು ಬಡಿಸು ಎನ್ನುತ್ತಿದ್ದರು. ನೀಲಿ ಮತ್ತೆ ಉಣ್ಣತೊಡಗಿದಳು. ನನಗೆ ಮಾತ್ರ ಒಂದೊಂದು ಸಲ ತರಕಾರಿ ಹೆಚ್ಚುತ್ತಿರುವಾಗ ಆ ಖಾಲಿ ನೆನಪಾಗಿ ಕೈ ನಿಲ್ಲುತ್ತದೆ. ಕುಟ್ಟಾಣಿಯ ಸದ್ದು ಸ್ವಲ್ಪ ತಡವಾದರೂ ನಡುಮನೆಗೆ ಓಡುತ್ತೇನೆ. ಎಲೆ ಹರಿಯುತ್ತ ಕೂತಿರುವ ಸಾಕಮ್ಮ, ಇನ್ನೂ ಇದೀನಿ ಕಣೆ, ಹೋಗು ಎನ್ನುತ್ತಾರೆ.

ಅಡುಗೆಮನೆಯ ಕಿಟಕಿಯಲ್ಲಿ ಈಗ ಸಾಲಾಗಿ ಬಟ್ಟಲುಗಳಿವೆ. ಒಂದರಲ್ಲಿ ಬಿಸಿ ಹಾಲು, ಒಂದರಲ್ಲಿ ಉಗುರು ಬೆಚ್ಚಗಿನದು, ಒಂದರಲ್ಲಿ ತಣ್ಣನೆಯದು. ಎಲ್ಲಕ್ಕೂ ಜಯಶೀಲನ ಮೊಸರಿನ ಒಂದೊಂದು ಚಮಚ. ಹಾಗೆಯೇ ಇನ್ನೊಂದು ಸಾಲು ಅವಳ ಮನೆಯ ಕಟ್ಟೆಯ ಮೇಲೆ. ನನ್ನವು ಹಾಲಾಗಿಯೇ ಇರುತ್ತವೆ. ಅವಳವುಗಳಲ್ಲಿ ಯಾವುದು ಬೇಗ ಆಗುತ್ತದೆ, ಯಾವುದು ಆಗುವುದೇ ಇಲ್ಲ ಎಂದು ಗೋಡೆಯ ಮೇಲಿಂದ ಬಗ್ಗಿ ನೋಡುತ್ತೇನೆ. ತುಂಬ ಬಿಸಿಯಿದ್ದದ್ದು ಅವಳ ಮನೆಯಲ್ಲೂ ಆಗುವುದಿಲ್ಲ. ಬಿಸಿಗೆ ಏನೋ ಸಾಯುತ್ತದೆ ಎಂದು ಅನ್ನಿಸುತ್ತದೆ. ಇನ್ನೂ ಪೂರ್ತಿ ತಿಳಿದಿಲ್ಲ. ಈ ವಯಸ್ಸಿನಲ್ಲಿ ನಿನಗೇನು ಹುಚ್ಚು ಎಂದು ಜಯಶೀಲ ಬಯ್ಯುತ್ತಾಳೆ, ಆದರೆ ಬಟ್ಟಲುಗಳನ್ನು ಬೆಕ್ಕು ಮುಟ್ಟದಂತೆ ತಟ್ಟೆ ಮುಚ್ಚಿಡುತ್ತಾಳೆ.

ಈ ಜೂನ್‌ನಲ್ಲಿ ಮತ್ತೆ ಅಂಟು ಹಚ್ಚುವ ದಿನ ಬಂತು. ನೀಲಿಗೆ ಒಂಬತ್ತನೆಯ ತರಗತಿ. ಹೆಂಗಸರ ನಡುವೆ ಜಗಲಿಯಲ್ಲಿ ಕೂತೆ. ಅಂಟಿನ ಬಿಸಿ ವಾಸನೆ, ನಗು, ಸೀರೆಯ ಮಾತು. ನನ್ನ ಸರದಿಗೆ ಬಂದದ್ದು ಉಸಿರಾಟದ ಪಾಠ. ಬೀಗದ ಮನೆ ನೆನಪಾಯಿತು, ಹೊಸ್ತಿಲಿನ ಆಚೆ ಚಾಚಿದ ಕೈ ನೆನಪಾಯಿತು. ಬ್ರಷ್ಷನ್ನು ಅಂಟಿನಲ್ಲಿ ಅದ್ದಿದೆ. ಆಮೇಲೆ ಅದ್ದಿದ ಬ್ರಷ್ಷನ್ನು ಬಟ್ಟಲಿನ ಅಂಚಿಗೆ ಒರಗಿಸಿಟ್ಟೆ. ಮುಖ ತಿರುಗಿಸದೆ ಮೊದಲ ಹಾಳೆಯನ್ನು ಓದಿದೆ, ಎರಡನೆಯದನ್ನೂ ಓದಿದೆ. ನೀಲಿಯ ಹೆಸರು ಬರೆದು, ಪುಸ್ತಕವನ್ನು ಹಾಗೆಯೇ ಮುಚ್ಚಿ ಚೀಲಕ್ಕೆ ಹಾಕಿಕೊಂಡೆ.

ಪಕ್ಕದಲ್ಲಿದ್ದ ಜಯಶೀಲ ನೋಡಿದಳು. ಅವಳ ಕೈಯ ಬ್ರಷ್ಷಿನಿಂದ ಅಂಟು ಸೀರೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಬೇರೆಯವರಿಗೆ ಕೇಳಿಸದಂತೆ ನನ್ನ ಕಡೆ ವಾಲಿದಳು.

“ನಿಂಗೆ ಹೆದರಿಕೆ ಆಗಲ್ವೇನೆ?”

“ಆಗುತ್ತೆ,” ಎಂದೆ.

ಆಗುತ್ತಿತ್ತು. ಚೀಲವನ್ನು ಮಡಿಲಿಗೆ ಒತ್ತಿಕೊಂಡು ಕೂತಿದ್ದೆ. ಎದೆ ಜಗಲಿಗೆಲ್ಲ ಕೇಳಿಸುವಂತೆ ಹೊಡೆದುಕೊಳ್ಳುತ್ತಿತ್ತು. ಅದಕ್ಕೆ ಯಾರೂ ಹೇಳಬೇಕಾಗಿರಲಿಲ್ಲ.